ಯಾವುದು ಮೊದಲೋ ಅದು: ಕಾರಿನ ಎಸಿ ಕುರಿತು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಶ್ರೀ ಪ್ರಹ್ಲಾದ ಜೋಶಿ ಅವರು,
ಕೇಂದ್ರ ಗ್ರಾಹಕ ವ್ಯವಹಾರಗಳು, ಆಹಾರ ಮತ್ತು ಸಾರ್ವಜನಿಕ ವಿತರಣೆ ಸಚಿವರು,
ಭಾರತ ಸರ್ಕಾರ, ನವದೆಹಲಿ

ವಿಷಯ: ವಾರಂಟಿ ಮುಗಿದ ಬೆನ್ನಲ್ಲೇ ಕೆಡುವ ವಾಹನಗಳ ಎಸಿ ಮತ್ತು ಅದರ ದುಬಾರಿ ದುರಸ್ತಿ

ಮಾನ್ಯರೇ,

ತಾವು ಧಾರವಾಡ ಕ್ಷೇತ್ರದ ಸಂಸದರು. ದೆಹಲಿಗೆ ಬರೆಯುವ ದೂರನ್ನು ಕನ್ನಡದಲ್ಲೇ ಬರೆಯುವ ಅವಕಾಶ ನಮ್ಮಂಥವರಿಗೆ ಅಪರೂಪಕ್ಕೆ ಸಿಗುತ್ತದೆ, ಅದನ್ನು ಬಳಸಿಕೊಳ್ಳುತ್ತಿದ್ದೇನೆ. ಅಕ್ಕಿ ಬೇಳೆಯ ಬೆಲೆ ನೋಡಿಕೊಳ್ಳುವ ಮಂತ್ರಿಗಳಿಗೆ ಕಾರಿನ ಎಸಿಯ ದೂರೇ ಎಂದು ಯಾರಾದರೂ ನಗಬಹುದು. ನಗುವವರು ಏಪ್ರಿಲ್ ತಿಂಗಳ ಮಧ್ಯಾಹ್ನ ತುಮಕೂರಿನ ಬಟವಾಡಿಯಲ್ಲಿ ಹಿಂದಿನ ಸೀಟಿಗೆ ಹತ್ತಿ, ಎಸಿ ಇಲ್ಲದೆ ಪಾವಗಡದವರೆಗೆ ಒಮ್ಮೆ ಬರಲಿ. ಪಾವಗಡದ ಬಿಸಿಲಿನ ಬಗ್ಗೆ ತಮಗೆ ನಾನು ಹೇಳಬೇಕಾಗಿಲ್ಲ. ತಮ್ಮ ಇನ್ನೊಂದು ಖಾತೆಯಾದ ನವೀಕರಿಸಬಹುದಾದ ಇಂಧನಕ್ಕೆ ಸಂಬಂಧಿಸಿದ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಅಲ್ಲಿ ನೆಲೆಯೂರಿರುವುದೇ ಆ ಬಿಸಿಲನ್ನು ನಂಬಿಕೊಂಡು.

ನನ್ನದು ಹಳದಿ ಬೋರ್ಡಿನ ಒಂದೇ ಕಾರು. ಮಾಲೀಕನೂ ನಾನೇ, ಚಾಲಕನೂ ನಾನೇ. ಬೆಂಗಳೂರಿನ ಆಸ್ಪತ್ರೆಗಳಿಗೆ, ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ, ಮದುವೆಯ ಕಾಲದಲ್ಲಿ ಸಿದ್ಧಗಂಗೆ, ಗೊರವನಹಳ್ಳಿ, ದೇವರಾಯನದುರ್ಗಕ್ಕೆ ಬಾಡಿಗೆ ಹೋಗುತ್ತೇನೆ. ಎಸಿ ಇಲ್ಲದ ಟ್ಯಾಕ್ಸಿಯನ್ನು ಈಗ ಯಾರೂ ಕರೆಯುವುದಿಲ್ಲ. ಕರೆಯಲಿ ಎಂದು ನಿರೀಕ್ಷಿಸುವುದೂ ತಪ್ಪು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಹೊರಟ ರೋಗಿಯನ್ನು ಕಿಟಕಿ ತೆರೆದು, ನೆಲಮಂಗಲದ ಲಾರಿಗಳ ಹೊಗೆ ಕುಡಿಸುತ್ತಾ ಕರೆತರಲು ಸಾಧ್ಯವೇ?

ಕಾರು ಕೊಂಡಾಗ ಕೈಗಿತ್ತ ಪುಸ್ತಕದಲ್ಲಿ ವಾರಂಟಿ ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು ಎಂದು ಅಚ್ಚಾಗಿತ್ತು. ಮನೆ ಬಳಕೆಯ ಕಾರಿಗೆ ವರ್ಷ ಮೊದಲು ಮುಗಿಯುತ್ತದೆ, ನಮಗೆ ಕಿಲೋಮೀಟರ್. ಸಾಲದ ಕಂತು ಐದು ವರ್ಷಕ್ಕೆ ಹಂಚಿದೆ. ಲಕ್ಷ ಕಿಲೋಮೀಟರ್ ಅದರ ಅರ್ಧ ದಾರಿಯಲ್ಲೇ ಮುಗಿದುಹೋಯಿತು. ಕ್ಲಚ್, ಬ್ರೇಕ್, ಟೈರುಗಳಿಗೆ ಈ ಲೆಕ್ಕವನ್ನು ಒಪ್ಪುತ್ತೇನೆ, ಅವು ಓಡಿದಷ್ಟೂ ಸವೆಯುವ ಭಾಗಗಳು. ಆದರೆ ಡ್ಯಾಶ್‌ಬೋರ್ಡಿನ ಹಿಂದೆ ಕುಳಿತು ಗಾಳಿಯನ್ನು ತಂಪು ಮಾಡುವ ಕೂಲಿಂಗ್ ಕಾಯಿಲ್‌ಗೆ ಚಕ್ರ ಎಷ್ಟು ಉರುಳಿತು ಎಂಬುದಕ್ಕೂ ಏನು ಸಂಬಂಧ? ಅದನ್ನು ತಿನ್ನುವುದು ತೇವ, ದೂಳು ಮತ್ತು ಅಲ್ಯೂಮಿನಿಯಂನ ಗುಣಮಟ್ಟ. ಟ್ಯಾಕ್ಸಿಯಲ್ಲಿ ಎಸಿ ಹೆಚ್ಚು ಹೊತ್ತು ಓಡುತ್ತದೆ, ಅದಕ್ಕೇ ಬೇಗ ಹೋಯಿತು ಎಂದು ಕಂಪನಿಯವರು ವಾದಿಸಬಹುದು. ಹಾಗಿದ್ದರೆ ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಕೂಡ ಓಡದ ಮೇಷ್ಟರ, ಬ್ಯಾಂಕ್ ನೌಕರರ ಕಾರುಗಳ ಕಾಯಿಲ್‌ಗಳು ಅದೇ ರೀತಿ ತೂತು ಬಿದ್ದು ಗ್ಯಾರೇಜಿನ ಮೂಲೆಯಲ್ಲಿ ರಾಶಿ ಬಿದ್ದಿರುವುದೇಕೆ? ಆ ರಾಶಿಯನ್ನು ನಾನೇ ಕಂಡಿದ್ದೇನೆ.

ನಡೆದದ್ದನ್ನು ಹೇಳುತ್ತೇನೆ. ಬೇಸಿಗೆಯ ಆರಂಭದಲ್ಲಿ ಎಸಿ ತಂಪು ಕಡಿಮೆಯಾಯಿತು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಬಿಟ್ಟೆ. ಗ್ಯಾಸ್ ಕಡಿಮೆಯಾಗಿದೆ ಎಂದರು, ತುಂಬಿಸಿದರು, ಬಿಲ್ ಕೊಟ್ಟರು. ಗ್ಯಾಸ್ ಎಲ್ಲಿಗೆ ಹೋಯಿತು ಎಂದು ಕೇಳಿದ್ದಕ್ಕೆ ಸರ್ವಿಸ್ ಅಡ್ವೈಸರ್ ಕಂಪ್ಯೂಟರಿನಿಂದ ತಲೆ ಎತ್ತದೆ, ‘ಓಡುತ್ತಾ ಓಡುತ್ತಾ ಕಡಿಮೆಯಾಗುತ್ತದೆ ಸಾರ್’ ಎಂದರು. ತಿಂಗಳು ತುಂಬುವ ಮೊದಲೇ ಮತ್ತೆ ಬಿಸಿ ಗಾಳಿ. ಮತ್ತೆ ಗ್ಯಾಸ್, ಮತ್ತೆ ಬಿಲ್. ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತಾಯಿತು.

ಕಾರಿನ ಎಸಿಯ ಗ್ಯಾಸ್ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ, ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟುಕೊಟ್ಟು ದ್ರವವಾಗುತ್ತದೆ, ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗುವಾಗ ಒಳಗಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ರಬ್ಬರ್ ಕೊಳವೆ, ಸೀಲುಗಳ ಮೂಲಕ ವರ್ಷಗಟ್ಟಲೆಯಲ್ಲಿ ಅಷ್ಟಿಷ್ಟು ಜಿನುಗುವುದುಂಟು. ತಿಂಗಳೊಳಗೆ ಖಾಲಿಯಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸುವುದರಲ್ಲಿ ಇನ್ನೊಂದು ಅಪಾಯವಿದೆ. ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಆ ಗ್ಯಾಸಿನ ಜೊತೆಯಲ್ಲೇ ಸುತ್ತುತ್ತದೆ, ಸೋರುವಾಗ ಗ್ಯಾಸಿನ ಜೊತೆಯಲ್ಲೇ ಹೊರಗೆ ಹೋಗುತ್ತದೆ. ಎಣ್ಣೆ ಬತ್ತಿದ ಕಂಪ್ರೆಸರ್ ಒಳಗೊಳಗೇ ಉಜ್ಜಿಕೊಂಡು ಲೋಹದ ಪುಡಿ ಉದುರಿಸುತ್ತದೆ. ಆ ಪುಡಿ ಈಗಿನ ಕಂಡೆನ್ಸರ್‌ಗಳ ಸೂಕ್ಷ್ಮ ಕೊಳವೆಗಳಲ್ಲಿ ಸಿಕ್ಕಿಕೊಂಡರೆ ತೊಳೆದು ತೆಗೆಯಲು ಬರುವುದಿಲ್ಲ. ಒಂದು ಕಾಯಿಲ್‌ನ ಸಣ್ಣ ತೂತು ಮೂರು ದೊಡ್ಡ ಭಾಗಗಳ ಖರ್ಚಾಗುವುದು ಹೀಗೆ.

ನನ್ನ ಕಾರಿನಲ್ಲಿ ಆದದ್ದೂ ಅದೇ. ಕಂಪ್ರೆಸರ್ ಕಿರುಗುಟ್ಟಲು ಆರಂಭಿಸಿದ ಮೇಲೆ ಸರ್ವಿಸ್ ಸೆಂಟರಿನವರು ಎಸ್ಟಿಮೇಟ್ ಬರೆದುಕೊಟ್ಟರು: ಕೂಲಿಂಗ್ ಕಾಯಿಲ್, ಎಕ್ಸ್‌ಪ್ಯಾನ್ಶನ್ ವಾಲ್ವ್, ಕಂಪ್ರೆಸರ್, ಕಂಡೆನ್ಸರ್, ಗ್ಯಾಸ್, ಡ್ಯಾಶ್‌ಬೋರ್ಡ್ ಇಳಿಸಿ ಏರಿಸುವ ಲೇಬರ್, ಮೇಲೆ ಜಿಎಸ್‌ಟಿ, ಒಟ್ಟು ಅರವತ್ತೆಂಟು ಸಾವಿರ ಚಿಲ್ಲರೆ. ನನ್ನ ನಾಲ್ಕು ತಿಂಗಳ ಸಾಲದ ಕಂತಿಗಿಂತ ಹೆಚ್ಚು. ಮೊದಲೇ ಲೀಕ್ ಟೆಸ್ಟ್ ಏಕೆ ಮಾಡಲಿಲ್ಲ ಎಂದು ಕೇಳಿದೆ. ಜಾಬ್ ಕಾರ್ಡಿನಲ್ಲಿ ತಾವು ‘ಗ್ಯಾಸ್ ಫಿಲ್ಲಿಂಗ್’ ಎಂಬುದಕ್ಕೆ ಸಹಿ ಹಾಕಿದ್ದೀರಿ ಎಂಬ ಉತ್ತರ ಬಂತು. ಆ ಜಾಬ್ ಕಾರ್ಡನ್ನು ಬರೆದವರು ಅವರೇ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ, ಸೌಜನ್ಯದಿಂದ ದೂರು ಬರೆದುಕೊಂಡರು. ಕಂಪನಿಯಿಂದ ಬಂದ ಉತ್ತರ ಒಂದೇ ಸಾಲಿನದು: ವಾಹನದ ವಾರಂಟಿ ಅವಧಿ ಮುಗಿದಿದೆ. ಮುಖ್ಯ ಕಚೇರಿಗೆ ಇಮೇಲ್ ಕಳುಹಿಸಿ, ಮತ್ತೆ ಕೆದಕಿ ಬರೆದಾಗ ‘ಗುಡ್‌ವಿಲ್’ ಹೆಸರಿನಲ್ಲಿ ಬಿಡಿಭಾಗಗಳ ಮೇಲೆ ಹತ್ತು ಶೇಕಡ ರಿಯಾಯಿತಿ ಕೊಡುವುದಾಗಿ ಹೇಳಿದರು. ನಮ್ಮ ಸ್ಟ್ಯಾಂಡಿನ ಇನ್ನೊಬ್ಬರಿಗೆ ಅದೇ ಕಾರಿನ ಅದೇ ತೊಂದರೆಗೆ ಅರ್ಧದಷ್ಟು ಬಿಟ್ಟರು, ಅವರ ಸಂಬಂಧಿಯೊಬ್ಬರು ಬೆಂಗಳೂರಿನಲ್ಲಿ ವಕೀಲರು. ಮೂರನೆಯವರಿಗೆ ಏನೂ ಇಲ್ಲ. ಯಾವ ನಿಯಮದ ಪ್ರಕಾರ ಯಾರಿಗೆ ಎಷ್ಟು ಎಂದು ಎಲ್ಲಿಯೂ ಬರೆದಿಲ್ಲ. ಭಾಗದಲ್ಲಿ ದೋಷವಿಲ್ಲ ಎನ್ನುವುದಾದರೆ ಈ ರಿಯಾಯಿತಿ ಯಾತಕ್ಕೆ? ದೋಷವಿದೆ ಎನ್ನುವುದಾದರೆ ಗಟ್ಟಿಯಾಗಿ ಕೂಗಿದವರಿಗೆ ಮಾತ್ರ ಯಾತಕ್ಕೆ?

ಕೊನೆಗೆ ಕಾರನ್ನು ಶಿರಾ ಗೇಟ್ ಬಳಿಯ ಗ್ಯಾರೇಜಿಗೆ ತಂದೆ. ಆ ಮೆಕ್ಯಾನಿಕ್ ಗ್ಯಾಸ್ ಮುಟ್ಟಲಿಲ್ಲ. ಮೊದಲು ನೈಟ್ರೋಜನ್ ತುಂಬಿಸಿ ಒತ್ತಡ ನಿಲ್ಲುತ್ತದೆಯೇ ಎಂದು ಗೇಜಿನಲ್ಲಿ ನೋಡಿದರು, ಹೊರಗಿನ ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿದರು. ಎಲ್ಲಿಯೂ ಗುಳ್ಳೆ ಏಳಲಿಲ್ಲ, ಮುಳ್ಳು ಮಾತ್ರ ಇಳಿಯುತ್ತಾ ಬಂತು. ಹಾಗಾದರೆ ಒಳಗೇ ಎಂದು ಡ್ಯಾಶ್‌ಬೋರ್ಡ್ ಇಳಿಸಿದರು. ನಾಲ್ಕು ವರ್ಷವೂ ತುಂಬದ ಕಾರಿನ ಮುಂಭಾಗ ವೈರುಗಳ ಗಂಟಾಗಿ ನೆಲದ ಮೇಲೆ ಬಿದ್ದಿತ್ತು, ನೋಡಿ ಹೊಟ್ಟೆ ಉರಿಯಿತು. ಹೊರತೆಗೆದ ಕಾಯಿಲ್‌ನ ಒಂದು ಮಗ್ಗುಲಿಗೆ ಹೊಂಗೆ ಹೂವಿನ ಪುಡಿ, ಎಲೆಯ ಚೂರು, ದೂಳು ಎಲ್ಲ ಕೊಳೆತು ಕೆಸರಿನಂತೆ ಮೆತ್ತಿಕೊಂಡಿತ್ತು. ಬೆರಳಿನಿಂದ ಸವರಿದರೆ ಹಸಿ ವಾಸನೆ. ಕೆಳಗಿನ ಸಾಲಿನ ಮೂಲೆಯಲ್ಲಿ, ನೀರು ನಿಲ್ಲುವ ಜಾಗದಲ್ಲೇ, ಎಣ್ಣೆಯ ಜಿಡ್ಡಿನ ಕಲೆ. ಅದನ್ನು ಒರೆಸಿ ಮೊಬೈಲ್ ಟಾರ್ಚ್ ಹಿಡಿದಾಗ ಸೂಜಿಮೊನೆಯಷ್ಟು ತೂತು ಕಂಡಿತು.

ಈ ಕಸ ಒಳಗೆ ಹೋದದ್ದು ಹೇಗೆ ಎಂದು ಕೇಳಿದೆ. ಅವರು ಗ್ಲವ್ ಬಾಕ್ಸಿನ ಹಿಂದೆ ಕೈ ಹಾಕಿ ತೋರಿಸಿದರು. ಅಲ್ಲಿ ಕ್ಯಾಬಿನ್ ಫಿಲ್ಟರ್ ಕೂರಲು ಅಚ್ಚುಕಟ್ಟಾದ ಖಾನೆ ಇದೆ, ಫಿಲ್ಟರ್ ಇಲ್ಲ. ಖಾನೆಯ ಬಾಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ ಕಳುಹಿಸಿದ್ದಾರೆ. ಮೇಲಿನ ದರ್ಜೆಯ ಮಾದರಿಗೆ ಫಿಲ್ಟರ್ ಬರುತ್ತದಂತೆ, ನನ್ನದು ಕೆಳದರ್ಜೆ. ಕೆಲವು ನೂರು ರೂಪಾಯಿಯ ಕಾಗದದ ಫಿಲ್ಟರ್ ಉಳಿಸಿ, ಅದು ರಕ್ಷಿಸಬೇಕಿದ್ದ ಭಾಗಕ್ಕೆ ನನ್ನಿಂದ ಸಾವಿರಾರು ರೂಪಾಯಿ ಕೇಳುತ್ತಿದ್ದಾರೆ. ಕೆಳದರ್ಜೆಯ ಕಾರಿಗೆ ತುಮಕೂರಿನ ರಸ್ತೆಗಳು ಪ್ರತ್ಯೇಕವಾಗಿ ಕಡಿಮೆ ದೂಳು ಎಬ್ಬಿಸುತ್ತವೆಯೇ? ಈ ಪತ್ರದಲ್ಲಿ ಬೇರೆಲ್ಲ ಮರೆತರೂ ಈ ಖಾಲಿ ಖಾನೆಯನ್ನು ಮರೆಯಬೇಡಿ ಎಂದು ಪ್ರಾರ್ಥಿಸುತ್ತೇನೆ.

ಹೊಸ ಕಾಯಿಲ್ ಬೇಕಾಯಿತು. ಕಂಪನಿಯ ಒರಿಜಿನಲ್ ಭಾಗವನ್ನು ಹೊರಗಿನ ಗ್ಯಾರೇಜಿಗೆ ಕೌಂಟರಿನಲ್ಲಿ ಕೊಡುವುದಿಲ್ಲ, ಕಾರನ್ನು ಇಲ್ಲಿಗೇ ತನ್ನಿ ಎಂದು ಸರ್ವಿಸ್ ಸೆಂಟರಿನವರು ಹೇಳಿದರು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬೇರೆ ತಯಾರಿಕೆಯದನ್ನು ತಂದು ಹಾಕಿಸಿದ್ದಾಯಿತು. ಕಂಪ್ರೆಸರ್ ಸಮೇತ ಎಲ್ಲ ಸೇರಿ ಎಸ್ಟಿಮೇಟಿನ ಅರ್ಧಕ್ಕೂ ಕಡಿಮೆಯಲ್ಲಿ ಮುಗಿಯಿತು. ಆ ಕಾಯಿಲ್ ಎಷ್ಟು ಕಾಲ ಬಾಳುತ್ತದೆ ಎಂಬ ಖಾತರಿ ಯಾರಿಗೂ ಇಲ್ಲ, ನನಗೂ ಇಲ್ಲ.

ಬಿಡಿಭಾಗಗಳ ಈ ಕಟ್ಟುಪಾಡು ಹಳೆಯ ವಿಷಯ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಿಕಾ ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿ, ಸ್ವತಂತ್ರ ಗ್ಯಾರೇಜುಗಳಿಗೂ ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣ ಸಿಗುವಂತೆ ಮಾಡಬೇಕೆಂದು ಆದೇಶಿಸಿತ್ತು. ದಂಡದ ವಿಷಯ ಮೇಲ್ಮನವಿಗಳ ದಾರಿ ಹಿಡಿಯಿತು. ಇಷ್ಟು ವರ್ಷಗಳ ನಂತರವೂ ಶಿರಾ ಗೇಟಿನ ಮೆಕ್ಯಾನಿಕ್‌ಗೆ ಕೌಂಟರಿನಲ್ಲಿ ಸಿಗುವ ಉತ್ತರ ಬದಲಾಗಿಲ್ಲ. ತಮ್ಮ ಇಲಾಖೆಯೂ ಸುಮ್ಮನೆ ಕುಳಿತಿಲ್ಲ. 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿನ ಪೋರ್ಟಲ್ ಆರಂಭವಾದಾಗ ಕೃಷಿ ಯಂತ್ರ, ಮೊಬೈಲ್, ಗೃಹಬಳಕೆಯ ವಸ್ತುಗಳ ಜೊತೆಗೆ ವಾಹನಗಳನ್ನೂ ಸೇರಿಸಿದ್ದಿರಿ. ಆದರೆ ದುರಸ್ತಿಗೆ ಎಷ್ಟು ಅನುಕೂಲ ಎಂದು ಅಂಕ ಕೊಡುವ ಸೂಚ್ಯಂಕದ ವರದಿ 2025ರ ಮೇ ತಿಂಗಳಲ್ಲಿ ಬಂದಾಗ ಅದು ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ವಸ್ತುಗಳಿಗೆ ಸೀಮಿತವಾಗಿತ್ತು. ಹದಿನೈದು ಸಾವಿರದ ಮೊಬೈಲಿಗೆ ಅಂಕ, ಎಂಟು ಲಕ್ಷದ ಕಾರಿಗೆ ಇಲ್ಲ.

ಗ್ರಾಹಕರ ಆಯೋಗಕ್ಕೆ ಹೋಗಬಹುದಲ್ಲ ಎಂದು ತಾವು ಕೇಳಬಹುದು. ತುಮಕೂರಿನಲ್ಲಿ ಜಿಲ್ಲಾ ಆಯೋಗವಿದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಮೇಲೆ ನನಗೆ ಗೌರವವಿದೆ. ಸ್ವಯಂ ಉದ್ಯೋಗದಿಂದ ಜೀವನ ನಡೆಸಲು ಕೊಂಡ ವಸ್ತುವಿಗೆ ನಾನೂ ಗ್ರಾಹಕನೇ ಎಂದು ಆ ಕಾಯ್ದೆ ಹೇಳುತ್ತದೆ. ಹಾಗಿದ್ದರೂ ಹಳದಿ ಬೋರ್ಡ್ ಕಂಡರೆ ಸಾಕು, ಇದು ವಾಣಿಜ್ಯ ವಾಹನ, ದೂರೇ ನಿಲ್ಲುವುದಿಲ್ಲ ಎಂದು ಸರ್ವಿಸ್ ಸೆಂಟರಿನ ಕೌಂಟರಿನಲ್ಲೇ ಹೆದರಿಸುತ್ತಾರೆ. ಅದನ್ನು ದಾಟಿದರೂ ತಯಾರಿಕೆಯ ದೋಷವನ್ನು ಸಾಬೀತುಪಡಿಸುವ ಭಾರ ನಮ್ಮ ತಲೆಯ ಮೇಲೆ. ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು, ಅದರ ಶುಲ್ಕ ದೂರುದಾರ ಕಟ್ಟಬೇಕು. ಸರಿ, ಕಟ್ಟೋಣ. ಕಳುಹಿಸಲು ಕೆಟ್ಟ ಭಾಗ ಎಲ್ಲಿದೆ? ನಮ್ಮ ಸ್ಟ್ಯಾಂಡಿನವರೊಬ್ಬರು ಸರ್ವಿಸ್ ಸೆಂಟರಿನಲ್ಲೇ ಕಾಯಿಲ್ ಬದಲಾಯಿಸಿಕೊಂಡರು, ಜೊತೆಗೆ ನಾನೂ ಹೋಗಿದ್ದೆ. ಹಳೆಯ ಭಾಗ ಕೊಡಿ ಎಂದು ಕೇಳಿದಾಗ ಸ್ಕ್ರ್ಯಾಪಿಗೆ ಹೋಯಿತು ಎಂದರು. ಪೂರ್ತಿ ಹಣ ಕೊಟ್ಟವರ ಸ್ವತ್ತು, ಪ್ರಕರಣದ ಏಕೈಕ ಸಾಕ್ಷಿ, ಅವರ ಅನುಮತಿ ಇಲ್ಲದೆ ಗುಜರಿ ಸೇರಿತ್ತು.

ಇನ್ನು ದೋಷವಿರುವ ಕಾರುಗಳನ್ನು ಕಂಪನಿಯೇ ವಾಪಸು ಕರೆಸಿ ಸರಿಪಡಿಸುವ ‘ರೀಕಾಲ್’ ಕಾನೂನಿನ ಮಾತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಗೆ 110ಎ ಸೆಕ್ಷನ್ ಬಂತು. ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುವ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಎಸಿ ಕೆಟ್ಟರೆ ಯಾರೂ ಸಾಯುವುದಿಲ್ಲ, ಇದಕ್ಕೆಲ್ಲ ರೀಕಾಲ್ ಇಲ್ಲ ಎಂಬುದು ಸಾಮಾನ್ಯ ತಿಳಿವಳಿಕೆ. ಆ ಸೆಕ್ಷನ್ನಿನಲ್ಲಿ ಚಾಲಕ, ಪ್ರಯಾಣಿಕರು, ರಸ್ತೆಯ ಇತರ ಬಳಕೆದಾರರ ಜೊತೆಗೆ ಪರಿಸರಕ್ಕೆ ಆಗುವ ಹಾನಿಯನ್ನೂ ಹೇಳಿದೆ. ನನ್ನ ಕಾರಿನಲ್ಲಿರುವುದು ಆರ್-134ಎ ಎಂಬ ಗ್ಯಾಸ್, ತೂಕ ಅರ್ಧ ಕಿಲೋಗಿಂತ ತುಸು ಕಡಿಮೆ. ಭೂಮಿಯನ್ನು ಬಿಸಿ ಮಾಡುವ ಶಕ್ತಿಯಲ್ಲಿ ಅದು ಇಂಗಾಲದ ಡೈಆಕ್ಸೈಡಿನ ಸುಮಾರು 1,430 ಪಟ್ಟು ಎಂದು ಲೆಕ್ಕ ಹಾಕಿದ್ದಾರೆ. ಒಂದು ಸಲ ಪೂರ್ತಿ ಸೋರಿಹೋದರೆ ಸುಮಾರು 280 ಲೀಟರ್ ಪೆಟ್ರೋಲ್ ಉರಿಸಿದಷ್ಟಾಯಿತು. ಇಂಥ ಗ್ಯಾಸುಗಳನ್ನು ಹಂತಹಂತವಾಗಿ ಇಳಿಸುತ್ತೇವೆ ಎಂದು ಕಿಗಾಲಿ ತಿದ್ದುಪಡಿ ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ನನ್ನ ಕಾರಿನ ಹೊಗೆ ಪರೀಕ್ಷೆಯ ಪತ್ರದ ಅವಧಿ ಒಂದು ದಿನ ಮೀರಿದರೂ ದಂಡ ಹಾಕುತ್ತಾರೆ. ಸೋರುವ ಕಾಯಿಲ್‌ಗೆ ಮೇಲಿಂದ ಮೇಲೆ ಗ್ಯಾಸ್ ತುಂಬಿಸಿ ಗಾಳಿಗೆ ಬಿಡುವವರಿಗೆ ಜಿಎಸ್‌ಟಿ ಸಮೇತ ಹಣ ಸಿಗುತ್ತದೆ.

ಸುರಕ್ಷತೆಯೂ ಇದರಲ್ಲಿದೆ. ಆಷಾಢದ ಮಳೆಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ದೇವರಾಯನದುರ್ಗದ ತಿರುವುಗಳನ್ನು ಇಳಿಯುವಾಗ ಮುಂದಿನ ಗಾಜು ಒಳಗಿನಿಂದ ಮಂಜುಗಟ್ಟುತ್ತದೆ. ಅದನ್ನು ಬೇಗ ಬಿಡಿಸುವುದು ಎಸಿಯ ಒಣಗಾಳಿ. ಎಸಿ ಇಲ್ಲದೆ ಒಂದು ಕೈಯಲ್ಲಿ ಬಟ್ಟೆ, ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇಳಿದಿದ್ದೇನೆ. ಎಸಿ ಐಷಾರಾಮ ಅಲ್ಲವೆಂದು ಸರ್ಕಾರವೇ ಒಪ್ಪಿದೆ: 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಬಹಳ ಒಳ್ಳೆಯ ನಿಯಮ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕ್ಯಾತ್ಸಂದ್ರ ದಾಟುವ ಲಾರಿ ಚಾಲಕರು ಎಷ್ಟು ಬೆಂದಿದ್ದಾರೆ ಎಂಬುದು ನಮಗೆ ಗೊತ್ತು. ಆ ಎಸಿಗಳೂ ವಾರಂಟಿ ದಾಟುವ ದಿನ ಬರುತ್ತದೆ. ಒಂದೇ ಲಾರಿಯ ಮಾಲೀಕ ಇದೇ ಎಸ್ಟಿಮೇಟ್ ಹಿಡಿದು ನಿಲ್ಲುತ್ತಾನೆ. ಕಡ್ಡಾಯ ಮಾಡಿದ ವಸ್ತು ಎಷ್ಟು ಕಾಲ ಬಾಳಬೇಕೆಂದು ಹೇಳುವ ಜವಾಬ್ದಾರಿಯೂ ಸರ್ಕಾರದ್ದಲ್ಲವೇ?

ನಾನು ತಮ್ಮಲ್ಲಿ ಪರಿಹಾರ ಧನ ಕೇಳುತ್ತಿಲ್ಲ. ವಾಹನದ ಎಸಿಯ ಕೂಲಿಂಗ್ ಕಾಯಿಲ್, ಕಂಡೆನ್ಸರ್‌ಗಳ ಸೋರಿಕೆಗೆ ಕಿಲೋಮೀಟರಿನ ಮಿತಿ ಇಲ್ಲದ, ಕನಿಷ್ಠ ಐದು ವರ್ಷದ ಪ್ರತ್ಯೇಕ ವಾರಂಟಿ ಕೊಡುವಂತೆ ತಯಾರಕರಿಗೆ ಸೂಚಿಸಿ. ಅತಿ ಅಗ್ಗದ ಮಾದರಿಯೂ ಸೇರಿದಂತೆ ಎಸಿ ಇರುವ ಪ್ರತಿ ಕಾರಿಗೂ ಕ್ಯಾಬಿನ್ ಫಿಲ್ಟರ್ ಕಡ್ಡಾಯವಾಗಲಿ. ಇದಕ್ಕೆ ಯಾವ ಸಮಿತಿಯೂ ಬೇಕಾಗಿಲ್ಲ. ಸೋರಿಕೆಯ ಪರೀಕ್ಷೆ ಮಾಡಿ ಅದರ ಫಲಿತಾಂಶವನ್ನು ಬಿಲ್ಲಿನಲ್ಲಿ ಬರೆಯದೆ ಗ್ಯಾಸ್ ತುಂಬಿಸಿ ಹಣ ಪಡೆಯುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸಿ. ಹಣ ಕೊಟ್ಟು ಬದಲಾಯಿಸಿದ ಹಳೆಯ ಭಾಗವನ್ನು ಗ್ರಾಹಕ ಬೇಡ ಎಂದು ಬರೆದುಕೊಡದ ಹೊರತು ಅವನ ಕೈಗೇ ಕೊಡಬೇಕು. ಬಿಡಿಭಾಗಗಳ ಬೆಲೆ ಮತ್ತು ಲೇಬರ್ ಗಂಟೆಗಳ ಪಟ್ಟಿ ತಮ್ಮ ಪೋರ್ಟಲ್‌ನಲ್ಲಿ ಕನ್ನಡದಲ್ಲೂ ಸಿಗಲಿ, ಸ್ವತಂತ್ರ ಗ್ಯಾರೇಜುಗಳು ಅದೇ ಬೆಲೆಗೆ ಒರಿಜಿನಲ್ ಭಾಗ ಕೊಳ್ಳುವಂತಾಗಲಿ. ದುರಸ್ತಿ ಸೂಚ್ಯಂಕ ಕಾರುಗಳಿಗೂ ಬರಲಿ. 1915ಕ್ಕೆ ಬರುವ ವಾಹನ ಎಸಿ ದೂರುಗಳನ್ನು ಕಂಪನಿ, ಮಾದರಿ, ವರ್ಷದ ಪ್ರಕಾರ ವಿಂಗಡಿಸಿ ಪ್ರಕಟಿಸಿದರೆ, ‘ನಿಮ್ಮ ಕಾರಿನಲ್ಲಿ ಮಾತ್ರ ಹೀಗಾಗಿದೆ ಸಾರ್’ ಎಂಬ ಮಾತನ್ನು ಕೌಂಟರಿನಲ್ಲಿ ಯಾರೂ ಆಡಲಾರರು. ನಾನು ಕಂಡಂತೆ ಈ ಒಂದು ಮಾತು ಎಷ್ಟೋ ಜನರನ್ನು ದೂರು ಕೊಡದೆ ಮನೆಗೆ ಕಳುಹಿಸಿದೆ.

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಆ ಇಳಿಕೆ ಎಸಿ ಭಾಗಗಳ ಬಿಲ್ಲಿನ ಕೊನೆಯ ಸಾಲಿನವರೆಗೆ ತಲುಪಿದೆಯೇ ಎಂದು ಪರಿಶೀಲಿಸಿದರೂ ಉಪಕಾರವಾದೀತು.

ವಾಹನ ಉದ್ಯಮವನ್ನು ನೋಡಿಕೊಳ್ಳುವ ಭಾರಿ ಕೈಗಾರಿಕೆ ಖಾತೆ 2024ರ ಜೂನ್‌ನಿಂದ ಕರ್ನಾಟಕದವರೇ ಆದ ಶ್ರೀ ಎಚ್.ಡಿ. ಕುಮಾರಸ್ವಾಮಿ ಅವರ ಬಳಿ ಇದೆ. ಕೊಳ್ಳುವವರ ಪರ ಕೇಳುವ ಖಾತೆ, ತಯಾರಿಸುವವರನ್ನು ಕರೆದು ಮಾತನಾಡಿಸಬಲ್ಲ ಖಾತೆ, ಎರಡೂ ಒಂದೇ ರಾಜ್ಯದವರ ಕೈಯಲ್ಲಿರುವುದು ಮತ್ತೆ ಯಾವಾಗ ಒದಗುತ್ತದೆಯೋ ತಿಳಿಯದು. ಈ ಪತ್ರದ ಪ್ರತಿಯನ್ನು ಅವರಿಗೂ ಕಳುಹಿಸುತ್ತಿದ್ದೇನೆ. ಮುಂದಿನ ಬೇಸಿಗೆಯ ಒಳಗೆ ಕಾರು ತಯಾರಕರ ಸಭೆಯೊಂದನ್ನು ತಾವಿಬ್ಬರೂ ಸೇರಿ ಕರೆಯಬೇಕು, ಅದರಲ್ಲಿ ಟ್ಯಾಕ್ಸಿ ಚಾಲಕರ ಮತ್ತು ಸಣ್ಣ ಗ್ಯಾರೇಜುಗಳ ಪ್ರತಿನಿಧಿಗಳಿಗೂ ಕುರ್ಚಿ ಇರಬೇಕು ಎಂದು ಕೋರುತ್ತೇನೆ.

ಕಳಚಿದ ಕಾಯಿಲ್, ಗ್ಯಾಸ್ ತುಂಬಿಸಿದ ಬಿಲ್ಲುಗಳು, ಎಸ್ಟಿಮೇಟ್, ಕಂಪನಿಯ ಇಮೇಲ್‌ಗಳು ಎಲ್ಲವೂ ನನ್ನ ಬಳಿ ಇವೆ. ತಮ್ಮ ಇಲಾಖೆಯ ಅಧಿಕಾರಿಗಳು ಕೇಳಿದ ದಿನ, ಕೇಳಿದ ಜಾಗಕ್ಕೆ ತಂದು ಒಪ್ಪಿಸುತ್ತೇನೆ. ಪಡೆದುಕೊಂಡದ್ದಕ್ಕೆ ರಸೀದಿ ಕೊಟ್ಟರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಟ್ಯಾಕ್ಸಿ ಮಾಲೀಕ ಮತ್ತು ಚಾಲಕ,
ತುಮಕೂರು